ಮಂತ್ರ ಹೊಳೆದರೆ ಸಾಲದು, ಮೇಜಿನ ಮೇಲೆ ಪಳಗಬೇಕು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಬಂದ ಲೇಖನ ಓದಿದೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಈ ಆಟಗಳಿಗೆ ಅರ್ಧ ಪುಟ ಸಿಕ್ಕಿದ್ದೇ ಖುಷಿ. (ಚಿತ್ರದಲ್ಲಿದ್ದ ಇಪ್ಪತ್ತು ಮುಖದ ದಾಳದ ಮೇಲೆ ಒಂದೇ ಅಂಕಿ ಎರಡು ಕಡೆ ಇತ್ತು, ಅದು ಬೇರೆ ಮಾತು.) ಆದರೆ ಆಟಕ್ಕೆ ಮಾಯಾವಿದ್ಯೆಯ ನಿಯಮ ಕಟ್ಟುವ ಕಲೆ ಹುಟ್ಟಿನಿಂದ ಬರಬೇಕು, ಕಲಿತರೆ ಬರುವುದಿಲ್ಲ ಎಂದು ಬರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಬಹಳ ವರ್ಷಗಳಿಂದ ಆಟ ನಡೆಸುತ್ತಾ, ಮಂತ್ರಗಳ ಪಟ್ಟಿ ಬರೆಯುತ್ತಾ ಬಂದವನು ನಾನು. ಸುಮ್ನೆ ಇರಲು ಆಗಲಿಲ್ಲ.

ಪ್ರತಿಭೆ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ. ಕೂತ ಕೂತಲ್ಲೇ ಹೊಸ ಮಂತ್ರ ಹೇಳುತ್ತಾನೆ. ನೆರಳನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವುದು, ಬೇರೆಯವರ ಹೆಸರನ್ನು ಒಂದು ದಿನಕ್ಕೆ ಸಾಲ ತರುವುದು. ಏಳು ಜನ್ಮ ಎತ್ತಿದರೂ ನನಗೆ ಇಂಥದ್ದು ಹೊಳೆಯುವುದಿಲ್ಲ. ಅವನ ಪಟ್ಟಿಯಲ್ಲಿ ಸತ್ತವರನ್ನು ಮಾತಾಡಿಸುವ ಮಂತ್ರವೂ ಇತ್ತು. ಅವತ್ತಿನ ಕಥೆ ಒಂದು ಕೊಲೆಯ ಪತ್ತೆ. ಆಟಗಾರ್ತಿಯೊಬ್ಬಳು ಹೆಣದ ಪಕ್ಕ ಕೂತು, "ನಿನ್ನನ್ನ ಕೊಂದಿದ್ದು ಯಾರಪ್ಪಾ?" ಎಂದು ಕೇಳಿದಳು. ಹೆಣ ಹೆಸರು ಹೇಳಿತು. ಅಲ್ಲಿಗೆ ಕಥೆ ಮುಗಿಯಿತು. ಉಳಿದವರು ದಾಳ ಮುಟ್ಟಲೂ ಇಲ್ಲ.

ಇದೇ ಮಂತ್ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರಾಂತ ಆಟದಲ್ಲೂ ಇದೆ. 2014ರ ಐದನೇ ಆವೃತ್ತಿಯಲ್ಲಿ ಅದಕ್ಕೆ ಎಷ್ಟು ಷರತ್ತು ಹಾಕಿದ್ದಾರೆ ನೋಡಿ. ಐದೇ ಪ್ರಶ್ನೆ. ಬದುಕಿದ್ದಾಗ ಗೊತ್ತಿದ್ದಷ್ಟೇ ಹೆಣಕ್ಕೆ ಗೊತ್ತು. ಕೇಳುವವನು ಶತ್ರುವಾಗಿದ್ದರೆ ನಿಜ ಹೇಳಬೇಕಾಗಿಲ್ಲ. ಒಮ್ಮೆ ಮಾತಾಡಿಸಿದರೆ ಹತ್ತು ದಿನ ಮತ್ತೆ ಮಾತಾಡಿಸುವಂತಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು: ಹೆಣಕ್ಕೆ ಬಾಯಿ ಇರಲೇಬೇಕು. ಅಂದರೆ ಜಾಣ ಕೊಲೆಗಾರ ದವಡೆಯನ್ನೇ ಕಿತ್ತುಕೊಂಡು ಹೋಗುತ್ತಾನೆ, ಅಲ್ವಾ? ಕಥೆ ಕೆಡಿಸುವ ಮಂತ್ರವೇ ಈಗ ಕಥೆ ಹುಟ್ಟಿಸುತ್ತದೆ. ಆಟಗಾರರು ಎಲ್ಲೆಲ್ಲಿ ನುಸುಳುತ್ತಾರೆ ಎಂದು ಕಂಡವರು ಮಾತ್ರ ಇಂಥ ಸಾಲು ಬರೆಯಬಲ್ಲರು. ಈ ಆವೃತ್ತಿಯ ಕರಡು ನಿಯಮಗಳನ್ನು ಆಡಿ ನೋಡಿ ಅಂತ 2012ರಲ್ಲೇ ಸಾರ್ವಜನಿಕರ ಕೈಗೆ ಕೊಟ್ಟಿದ್ದರು.

1974ರಲ್ಲಿ ಈ ಆಟ ಮೊದಲು ಬಂದಾಗ ಮಾಂತ್ರಿಕ ಮಂತ್ರ ಕಲಿತು, ಒಮ್ಮೆ ಹೇಳಿದ ಕೂಡಲೇ ಮರೆಯಬೇಕಿತ್ತು. ಆ ಉಪಾಯವೂ ಅಮೆರಿಕದ ಲೇಖಕ ಜಾಕ್ ವ್ಯಾನ್ಸ್ ಅವರ ಕಥೆಗಳಿಂದ ತಂದದ್ದು. ಆರ್ಸ್ ಮ್ಯಾಜಿಕಾ ಎಂಬ ಇನ್ನೊಂದು ಆಟ 1987ರಲ್ಲಿ ಬಂತು. ಸೃಷ್ಟಿಸು, ಅರಿ, ಬದಲಿಸು, ನಾಶಮಾಡು, ಆಳು ಎಂಬ ಐದು ಕೆಲಸ. ಬೆಂಕಿ, ನೀರು, ಮನಸ್ಸು, ಹೀಗೆ ಹತ್ತು ಸಂಗತಿ. ಒಂದಕ್ಕೊಂದು ಜೋಡಿಸಿ ಮಂತ್ರ ಕಟ್ಟಬೇಕು. ಈ ಹೊಳಹು ನಿಜಕ್ಕೂ ಪ್ರತಿಭೆಯದ್ದು, ಒಪ್ಪಿದೆ. ಆದರೆ ಅದರ ಸುತ್ತಲಿನ ನಿಯಮಗಳನ್ನು ಆವೃತ್ತಿಯಿಂದ ಆವೃತ್ತಿಗೆ ತಿದ್ದುತ್ತಲೇ ಬಂದರು.

ಹಾಗಂತ ನೋಟ್‌ಬುಕ್ ತುಂಬಿಸುವುದನ್ನು ನಾನು ಅಭ್ಯಾಸ ಎನ್ನುವುದಿಲ್ಲ. ನೂರು ಮಂತ್ರ ಬರೆದು ಪೆಟ್ಟಿಗೆಯಲ್ಲಿಟ್ಟವರು ನೂರೊಂದನೆಯದನ್ನೂ ಹಾಗೇ ಬರೆಯುತ್ತಾರೆ. ನಿಯಮವನ್ನು ಗುರುತಿಲ್ಲದ ಗುಂಪಿಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ವಿವರಿಸಬೇಕು ಅನ್ನಿಸಿದಲ್ಲೆಲ್ಲ ನಿಯಮ ಸೋತಿದೆ ಎಂದೇ ಲೆಕ್ಕ. ಪ್ರತಿಭೆ ಜಾಸ್ತಿ ಇದ್ದವರಿಗೇ ಇದು ಕಷ್ಟ. ತಮ್ಮ ಚೆಂದದ ಮಂತ್ರದ ಮೇಲೆ ಗೀಟು ಹಾಕಲು ಅವರಿಗೆ ಕೈ ಬರುವುದಿಲ್ಲ.

ನಮ್ಮ ಹುಡುಗ ಗೀಟು ಹಾಕಿದ. ಈಗ ಹೆಣ ಒಂದು ಉತ್ತರ ಕೊಟ್ಟರೆ, ಕೇಳಿದವರು ತಮ್ಮ ಒಂದು ನೆನಪನ್ನು ಕಳೆದುಕೊಳ್ಳಬೇಕು. ಯಾವ ನೆನಪು ಎಂದು ಮೇಜಿನ ಸುತ್ತ ಕೂತ ಉಳಿದವರು ತೀರ್ಮಾನಿಸುತ್ತಾರೆ. ಈಗ ಎಲ್ಲರಿಗೂ ಕೆಲಸವಿದೆ, ಜಗಳವೂ ಇದೆ. ಆದರೆ ಕೇಳಿದವರಿಗೆ ನೆನಪೇ ಇಲ್ಲದ ಹೊಸ ಪಾತ್ರವಾದರೆ ಏನು ಮಾಡುವುದು ಎಂದು ಮೊನ್ನೆ ಯಾರೋ ಕೇಳಿದರು. ಮತ್ತೆ ತಿದ್ದುತ್ತಿದ್ದಾನೆ.

ಮುಂದಿನ ಸಲ ಈ ವಿಷಯ ಬರೆಸುವಾಗ, ಅಚ್ಚಾದ ಬಣ್ಣದ ಪುಸ್ತಕದ ಜೊತೆಗೆ ಗೀಟು ಹಾಕಿದ ಒಂದು ಪುಟದ ಫೋಟೊವನ್ನೂ ಹಾಕಿ. ಬೇಕಾದರೆ ನಾನೇ ಕಳಿಸುತ್ತೇನೆ.

ಇಂತಿ,
ಆಟ ನಡೆಸುವ ಒಬ್ಬ ಓದುಗ