ಚಂದ್ರಗಿರಿಯಾಚೆಯ ದ್ವೀಪದಲ್ಲಿ ನಡೆಯುವವರಿಗೂ ದಾರಿಯಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ರಜೆಯ ದಿನಗಳು ಹತ್ತಿರವಾದಂತೆ ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ ಮಲ್ಪೆಯ ಸೈಂಟ್ ಮೇರೀಸ್ ದ್ವೀಪ, ಮುರುಡೇಶ್ವರ, ಗೋಕರ್ಣಗಳ ಚಿತ್ರಗಳು ತುಂಬಿಕೊಳ್ಳುತ್ತವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡಿಗರಾದ ನಾವು ಅವನ್ನು ಓದಿ ಉತ್ತರಕ್ಕೇ ಹೊರಡುತ್ತೇವೆ. ಅಪರೂಪಕ್ಕೆ ತೆಂಕು ದಿಕ್ಕಿಗೆ ಹೋದರೂ ಬೇಕಲ ಕೋಟೆಯಿಂದಲೋ, ಹೆಚ್ಚೆಂದರೆ ಕಾಞಂಗಾಡಿನ ಆನಂದಾಶ್ರಮದಿಂದಲೋ ಹಿಂದಿರುಗುತ್ತೇವೆ. ಚಂದ್ರಗಿರಿ ಹೊಳೆಯನ್ನು ಕರ್ನಾಟಕ, ಕೇರಳಗಳ ಗಡಿಯಾಗಿಸಬೇಕೆಂದ 1967ರ ಮಹಾಜನ ವರದಿ ಸರಕಾರದ ಮಟ್ಟದಲ್ಲಿ ಜಾರಿಯಾಗಲಿಲ್ಲ. ನಮ್ಮ ತಿರುಗಾಟದ ಮಟ್ಟಿಗೆ ಮಾತ್ರ ಅದು ಚಾಚೂ ತಪ್ಪದೆ ಜಾರಿಯಲ್ಲಿದೆ. 1984ರಿಂದ ಒಂದೇ ಕಾಸರಗೋಡು ಜಿಲ್ಲೆಯಲ್ಲಿರುವ ನಮಗೆ, ಆ ಜಿಲ್ಲೆಯ ತೆಂಕು ತುದಿಯಲ್ಲಿರುವ ವಲಿಯಪರಂಬ ದ್ವೀಪದ ಹೆಸರೂ ಸರಿಯಾಗಿ ಗೊತ್ತಿಲ್ಲ. ಆ ದ್ವೀಪದ ಕುರಿತೂ, ಅಲ್ಲಿ ನಡೆದುಕೊಂಡು ಹೋಗಿ ಬರುವವರ ಅನುಕೂಲದ ಕುರಿತೂ ನಾಲ್ಕು ಮಾತು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕೆಳದಿಯವರ ಕೋಟೆಯಿರುವ ಹೊಸದುರ್ಗ ತಾಲೂಕಿನಲ್ಲಿ, ಅರಬ್ಬಿ ಸಮುದ್ರಕ್ಕೂ ಕವ್ವಾಯಿ ಹಿನ್ನೀರಿಗೂ ನಡುವೆ, ತೆಂಕುಬಡಗಾಗಿ ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಮರಳಿನ ನೆಲವೇ ವಲಿಯಪರಂಬ. ಅಗಲ ಕೆಲವೆಡೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಆಚೆ ದಡದಲ್ಲಿ ಚೆರ್ವತ್ತೂರು, ತೃಕ್ಕರಿಪುರ, ಪಯ್ಯನ್ನೂರುಗಳ ಗದ್ದಲ, ಹೆದ್ದಾರಿ, ರೈಲು ಎಲ್ಲವೂ ಇವೆ. ಕಾಯಲು, ಅಂದರೆ ಈ ಹಿನ್ನೀರು, ದಾಟಿದರೆ ತೆಂಗಿನ ತೋಟಗಳ ನಡುವಿನ ಓಣಿಗಳು, ಒಣಗಲು ಹರವಿದ ಬಲೆಗಳು, ಅಂಗಳದ ಬಾವಿಗಳು ಮಾತ್ರ. ಕಾಸರಗೋಡಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಚೆರ್ವತ್ತೂರು ಸೇರಬಹುದು. ಮಾವಿಲಾಕಡಪ್ಪುರದ ಕಡೆಯಿಂದ ಸೇತುವೆಯ ದಾರಿಯಿದೆ. ಆದರೆ ತೃಕ್ಕರಿಪುರದ ಬಳಿಯ ಆಯಿಟ್ಟಿ ಕಡವಿನಿಂದ (ದೋಣಿಗಟ್ಟೆಯಿಂದ) ದೋಣಿಯಲ್ಲಿ ಹೋಗುವುದೇ ಮೇಲು ಎಂದು ನನ್ನ ಅನಿಸಿಕೆ. ದ್ವೀಪವನ್ನು ಪೂರ್ತಿ ಅಳೆಯಬೇಕೆಂಬ ಹಠ ಬೇಡ. ಬೆಳಗ್ಗೆ ಕಾಯಲಿನ ಬದಿಯಲ್ಲಿ ನಾಲ್ಕೈದು ಮೈಲು ನಡೆದು, ಬಿಸಿಲೇರಿದಾಗ ತೋಟಗಳ ನೆರಳಿಗೆ ಸರಿದು, ಸಂಜೆ ಕಡಲ ಬದಿಯಿಂದ ಹಿಂದಿರುಗಿದರೆ ಸಾಕು. ತೆಂಕು ದಿಕ್ಕಿನಲ್ಲಿ ಏಳಿಮಲೆಯ ಗುಡ್ಡ ಕಾಣುತ್ತಿರುವುದರಿಂದ ದಿಕ್ಕು ತಪ್ಪುವ ಭಯವೂ ಇಲ್ಲ.

ನಡೆಯುವವನಿಗಷ್ಟೇ ಸಿಗುವ ಸಂಗತಿಗಳಲ್ಲಿ ನನಗೆ ಮುಖ್ಯವೆನಿಸುವುದು ಪಚ್ಚಿಲೆ ಕೃಷಿ. ಮಲಯಾಳದಲ್ಲಿ ಕಲ್ಲುಮ್ಮಕ್ಕಾಯ ಎನ್ನುವ ಈ ಹಸಿರು ಚಿಪ್ಪಿನ ಜೀವಿಯನ್ನು ನಮ್ಮ ತುಳುವರು ಬಂಡೆಗಳಿಂದ ಕಿತ್ತು ತಂದು ತಿನ್ನುವುದನ್ನು ಎಲ್ಲರೂ ಬಲ್ಲೆವು. ಪಡನ್ನ, ಚೆರ್ವತ್ತೂರು, ವಲಿಯಪರಂಬಗಳಲ್ಲಿ ಅದನ್ನು ಬೆಳೆಯುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿ ಇಲ್ಲಿ ಆರಂಭಿಸಿದ ಪ್ರಯೋಗವನ್ನು ಕೈಗೆತ್ತಿಕೊಂಡು ಬೆಳೆಸಿದವರಲ್ಲಿ ಸ್ವಸಹಾಯ ಗುಂಪುಗಳ ಹೆಂಗಸರ ಪಾಲು ದೊಡ್ಡದು. ಮಳೆ ನಿಂತು ಕಾಯಲಿನ ನೀರಿನಲ್ಲಿ ಉಪ್ಪು ಏರಿದ ಮೇಲೆ, ಅಂದರೆ ನವೆಂಬರ್, ಡಿಸೆಂಬರ್ ಹೊತ್ತಿಗೆ, ಬಂಡೆಗಳಿಂದ ಸಂಗ್ರಹಿಸಿದ ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ತೆಳ್ಳನೆಯ ಹತ್ತಿಬಟ್ಟೆ ಸುತ್ತಿ ಹೊಲಿದು, ಬಿದಿರಿನ ಕಂಬಗಳ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೆಲವು ದಿನಗಳಲ್ಲಿ ಕರಗಿಹೋಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮದೇ ನಾರುಗಳಿಂದ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಅವಕ್ಕೆ ಯಾರೂ ತಿಂಡಿ ಹಾಕಬೇಕಿಲ್ಲ, ಭರತ ಇಳಿತದೊಂದಿಗೆ ಬರುವ ನೀರನ್ನು ಸೋಸಿ ತಿನ್ನುತ್ತವೆ. ಜೂನ್ ಮಳೆಗೆ ಹೊಳೆಗಳ ಸಿಹಿನೀರು ನುಗ್ಗಿದರೆ ಬದುಕಲಾರವಾದ್ದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಕೊಯ್ಲು ಮುಗಿಯಬೇಕು. ವಿಹಾರ ದೋಣಿಯಲ್ಲಿ ಹಾಡು ಹಾಕಿಕೊಂಡು ಹಾದುಹೋಗುವವರ ಕಣ್ಣಿಗೆ ನೀರಿನಲ್ಲಿ ನೆಟ್ಟ ಒಂದಷ್ಟು ಕೋಲುಗಳು ಕಾಣಬಹುದು, ಅಷ್ಟೆ. ದಡದಲ್ಲಿ ನಿಂತು ಎರಡು ಮಾತು ವಿಚಾರಿಸಿದವರಿಗೆ ಆ ಕೋಲುಗಳ ಕೆಳಗೆ ಒಂದು ಊರಿನ ವರ್ಷದ ಆದಾಯವೇ ತೂಗುತ್ತಿದೆಯೆಂದು ತಿಳಿಯುತ್ತದೆ.

ಕಡಲ ಬದಿಯ ದಿಣ್ಣೆಗಳ ಮೇಲೆ ಅಡುಂಬು ಬಳ್ಳಿ ಮತ್ತು ರಾವಣನ ಮೀಸೆ ಹಬ್ಬಿವೆ. ನಮ್ಮ ಉಪ್ಪಳ, ಕುಂಬಳೆಗಳ ಕಡಲತಡಿಯಲ್ಲಿ ಕಲ್ಲಿನ ತಡೆಗೋಡೆಗಳನ್ನೇ ಕಂಡವರಿಗೆ, ಮರಳನ್ನು ಬೇರಿನಿಂದ ಹಿಡಿದಿಡುವ ಈ ಗಿಡಗಳ ಬೆಲೆ ವಿವರಿಸಬೇಕಿಲ್ಲ. ನೀಲೇಶ್ವರದ ತೈಕಡಪ್ಪುರ ಸೇರಿದಂತೆ ಈ ಕರಾವಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿಗಳು ರಾತ್ರಿ ಬೆಳಕು ಕಂಡತ್ತ ಹರಿಯುವುದರಿಂದ, ದಡದಲ್ಲಿ ಪ್ರಖರ ದೀಪಗಳಿದ್ದರೆ ಅವು ಕಡಲಿಗೆ ಬದಲಾಗಿ ತೋಟದ ಕಡೆ ಹೋಗಿ ಸಾಯುತ್ತವೆ. ಸಂಜೆಯ ದೋಣಿಗೆ ಹಿಂದಿರುಗುವವನಿಂದ ಅವಕ್ಕೆ ತೊಂದರೆಯಿಲ್ಲ.

ಇನ್ನು ನೀರಿನ ವಿಷಯ. ಇಂತಹ ಕಿರಿದಾದ ಮರಳು ನೆಲದಲ್ಲಿ ಬಾವಿಯ ಸಿಹಿನೀರು ಎಂದರೆ ಮಳೆನೀರು ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿ ನಿಂತ ಪದರ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿಯಷ್ಟು ಸಿಹಿನೀರು ಇರುತ್ತದೆಂದು ಭೂಜಲ ಶಾಸ್ತ್ರದ ಲೆಕ್ಕ. ಹಾಗೆಯೇ ಪಂಪು ಇಟ್ಟು ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಅದೇ ಲೆಕ್ಕದಂತೆ ಸುಮಾರು 40 ಅಡಿ ಮೇಲೇರುತ್ತದೆ. ಕೊಡಪಾನದಲ್ಲಿ ಸೇದುವ ಮನೆಗಳಿಗೆ ಈ ಪದರ ಸಾಕಾಗಬಹುದು. ಈಜುಕೊಳ, ಹುಲ್ಲುಹಾಸುಗಳ ವಸತಿಗೃಹಗಳು ಸಾಲಾಗಿ ಬಂದರೆ ಸಾಲದು. ಒಮ್ಮೆ ಉಪ್ಪು ಹೊಕ್ಕ ಬಾವಿ ಎಷ್ಟು ಮಳೆಗಾಲಕ್ಕೆ ಸರಿಯಾಗುವುದೋ ಹೇಳುವವರು ಯಾರು? ದ್ವೀಪದವರಿಗೆ ಪ್ರವಾಸೋದ್ಯಮದಿಂದ ನಾಲ್ಕು ಕಾಸು ಬರುವುದಕ್ಕೆ ನನ್ನ ವಿರೋಧವಿಲ್ಲ. ಕಾಸರಗೋಡಿನಲ್ಲಿ ಕುಳಿತು ಅವರ ಬಡತನವನ್ನು ಚೆಂದವೆಂದು ಹೊಗಳುವುದು ಸುಲಭ. ಆದರೆ ಊಟ, ಎಳನೀರು, ದೋಣಿಯ ಬಾಡಿಗೆಗಳಿಗೆ ಹಣ ಕೊಟ್ಟು ಸಂಜೆಗೆ ಹಿಂದಿರುಗುವ ನೂರು ಮಂದಿಯಿಂದ ಊರಿಗಾಗುವ ಲಾಭ, ಹೊರಗಿನವರ ಬಂಡವಾಳದ ಒಂದು ಕಟ್ಟಡದಿಂದ ಆಗುವುದಕ್ಕಿಂತ ಹೆಚ್ಚು ಕೈಗಳಿಗೆ ಹಂಚಿಹೋಗುತ್ತದೆಂಬುದು ನನ್ನ ತಿಳಿವಳಿಕೆ.

ಇದೇ ಪಂಚಾಯತಿಗೆ ಸೇರಿದ ಇಡಯಿಲಕ್ಕಾಡಿನ ಕಾವನ್ನೂ, ಅಂದರೆ ದೇವರ ಬನವನ್ನೂ, ನೋಡಬೇಕು. ಸುತ್ತಲೂ ಹಿನ್ನೀರು, ನಡುವೆ ಕೊಡಲಿ ಕಾಣದ ಮರಗಳು, ಅವುಗಳ ಮೇಲೆ ಮಂಗಗಳು. ಓಣಂ ಸಮಯದಲ್ಲಿ ಊರಿನ ಗ್ರಂಥಾಲಯದವರು ಈ ಮಂಗಗಳಿಗೆ ಉಪ್ಪಿಲ್ಲದ ಅನ್ನ, ತರಕಾರಿ, ಹಣ್ಣುಗಳನ್ನು ಎಲೆಯಲ್ಲಿ ಬಡಿಸುವುದು ಕೇರಳದಾದ್ಯಂತ ಸುದ್ದಿಯಾಗುತ್ತದೆ. ಅದು ವರ್ಷಕ್ಕೊಮ್ಮೆಯ, ಊರವರೇ ನಡೆಸುವ ಕ್ರಮ. ಅದನ್ನು ನೋಡಿ ಬಂದವರೆಲ್ಲ ಚಿಪ್ಸಿನ ಪೊಟ್ಟಣ ಹಿಡಿದು ಹೋಗುವುದು ಮಾತ್ರ ತಪ್ಪು. ನಾಗಬನಗಳ ಮರ ಕಡಿದು ಕಾಂಕ್ರೀಟು ಕಟ್ಟೆ ಕಟ್ಟಿಸಿಕೊಂಡ ನಮ್ಮವರು ಆ ಕಾವಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಬಂದರೆ ಒಳ್ಳೆಯದು.

ನನ್ನ ಕೋರಿಕೆ ದೊಡ್ಡದೇನಲ್ಲ. ದ್ವೀಪದ ಅಭಿವೃದ್ಧಿಯ ಯೋಜನೆ ಹಾಕುವವರು ಕಾಯಲಿನ ಬದಿಯ ಕಾಲುದಾರಿಯನ್ನು ರಸ್ತೆಯಾಗಿ ಅಗಲಿಸದೆ ಹಾಗೆಯೇ ಬಿಡಲಿ. ಅಲ್ಲಲ್ಲಿ ಒಂದು ಶೌಚಾಲಯ, ಕುಡಿಯುವ ನೀರು, ಕೂರಲು ಒಂದು ಕಟ್ಟೆ ಇದ್ದರೆ ಹೆಂಗಸರೂ ವಯಸ್ಸಾದವರೂ ಧೈರ್ಯವಾಗಿ ನಡೆಯಬಲ್ಲರು. ದೋಣಿಗಳು ಯಾವ ಹೊತ್ತಿಗೆ ಹೊರಡುತ್ತವೆ, ಕೊನೆಯದು ಎಷ್ಟು ಹೊತ್ತಿಗೆ ಎಂಬ ಫಲಕ ಪ್ರತಿ ಕಡವಿನಲ್ಲೂ ಇರಲಿ. ಅದು ಕನ್ನಡದಲ್ಲಿಯೇ ಇರಬೇಕೆಂದು ನಾನು ಕೇಳುವುದಿಲ್ಲ, ಆ ನೆಲದ ಮಾತು ಮಲಯಾಳ. ಕನ್ನಡದ ಫಲಕ ಬೇಕಿರುವುದು ಕಾಸರಗೋಡು, ಕುಂಬಳೆ, ಮಂಜೇಶ್ವರ ರೈಲು ನಿಲ್ದಾಣಗಳಲ್ಲಿ. ಅಲ್ಲಿ ಅದನ್ನು ಕೇಳುವ ಹಕ್ಕು ನಮಗಿದೆ. ತಮ್ಮ ಪತ್ರಿಕೆಯೂ ಕಾಸರಗೋಡು ಪುಟದಲ್ಲಿ ಬಸ್ಸು, ರೈಲುಗಳ ವೇಳೆಯೊಂದಿಗೆ ಆಯಿಟ್ಟಿ ಕಡವಿನ ದೋಣಿಗಳ ವೇಳೆಯನ್ನು ವಿಚಾರಿಸಿ ಶನಿವಾರದಂದು ಪ್ರಕಟಿಸಿದರೆ, ಭಾನುವಾರ ಹೊರಡಬೇಕೆನ್ನುವ ಓದುಗರಿಗೆ ದೊಡ್ಡ ಉಪಕಾರವಾಗುತ್ತದೆ.

ಇಂತು ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಅಧ್ಯಾಪಕ, ಕುಂಬಳೆ