ಕೆಡವುವ ಮಾತಿಗೆ ಮೊದಲು ಮಳೆನೀರಿಗೆ ದಾರಿ ಮಾಡಿ

ಮಾನ್ಯ ಸಂಪಾದಕರೇ,

ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಬೇಕೇ, ಇರುವುದನ್ನೇ ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೇ ಎಂಬ ಚರ್ಚೆ ಸಮಿತಿಗಳನ್ನು ದಾಟಿ ನ್ಯಾಯಾಲಯದವರೆಗೂ ಹೋಗಿದೆ. ಸರ್ಕಾರದ ಸಮಿತಿಯ ತಜ್ಞರು ಕೆಡವುವುದೇ ಸರಿ ಎಂದರೆ, ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ಶ್ರಮಿಸುವ ಇಂಟ್ಯಾಕ್ ಸಂಸ್ಥೆಯ ತಜ್ಞರು ದುರಸ್ತಿ ಸಾಧ್ಯವೆಂದು ಹೇಳಿದ್ದಾರೆ. ಈ ವಾದ–ಪ್ರತಿವಾದಗಳ ನಡುವೆ, ಈ ಕಟ್ಟಡಗಳು ಶಿಥಿಲಗೊಂಡದ್ದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗಿದ್ದಾರೆ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ದ್ವಾರದ ಭಾಗ ನೆಲಕ್ಕುರುಳಿತು. ಆಗ ಅಲ್ಲಿ ದುರಸ್ತಿ ಕಾಮಗಾರಿಯೇ ನಡೆಯುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಅರಮನೆಯ ಕೋಟೆ ಗೋಡೆಯೂ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡವೂ ಭಾಗಶಃ ಕುಸಿದವು. ನಾಲ್ಕೂ ಮಳೆಗಾಲದ ತಿಂಗಳುಗಳಲ್ಲೇ ನಡೆದಿವೆ ಎಂಬುದನ್ನು ಗಮನಿಸಬೇಕು. ವಯಸ್ಸಾಗಿದೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವವರು, 1912ರಲ್ಲಿ ಪೂರ್ಣಗೊಂಡ ಅಂಬಾವಿಲಾಸ ಅರಮನೆ ಇಂದಿಗೂ ಗಟ್ಟಿಯಾಗಿ ನಿಂತಿರುವುದನ್ನು ನೋಡಲಿ. ಅಲ್ಲಿ ನಿತ್ಯದ ಆರೈಕೆ ಇದೆ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತೇವವನ್ನು ಹೀರಿಕೊಂಡರೂ ಬಿಸಿಲಿಗೆ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಇಟ್ಟಿಗೆ ಪುಡಿಯಾಗತೊಡಗುತ್ತದೆ. ನಮ್ಮ ಹಿರಿಯರ ತೊಟ್ಟಿ ಮನೆಯಲ್ಲಿ ಇದನ್ನು ನಾನೇ ಕಂಡಿದ್ದೇನೆ. ಅಡುಗೆಮನೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ ಕೆಲವೇ ವರ್ಷಗಳಲ್ಲಿ ಅದು ಹಲಗೆಯಂತೆ ಎದ್ದು ಬಂತು. ಹಿಂದಿದ್ದ ಇಟ್ಟಿಗೆ ಬೆರಳಿನಿಂದ ಕೆರೆದರೆ ಉದುರುತ್ತಿತ್ತು. ಸಿಮೆಂಟ್ ಮುಟ್ಟದ ಪಕ್ಕದ ಗೋಡೆಗೆ ಏನೂ ಆಗಿರಲಿಲ್ಲ. ತಾರಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಮರದ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ, ಹಕ್ಕಿಯ ಹಿಕ್ಕೆಯಿಂದ ಹುಟ್ಟಿದ ಅರಳಿ ಸಸಿಯ ಬೇರು ಸಂದಿಗಳಿಗೆ ಇಳಿದು ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಗೇಣುದ್ದದ ಸಸಿಯನ್ನು ಸಕಾಲದಲ್ಲಿ ಕೀಳದೆ ಬಿಟ್ಟು, ಗೋಡೆ ಬಿರುಕುಬಿಟ್ಟ ಮೇಲೆ ಕಟ್ಟಡವನ್ನೇ ಅಪಾಯಕಾರಿ ಎಂದು ಘೋಷಿಸುವುದು ನ್ಯಾಯವಲ್ಲ.

ಜನರ ಪ್ರಾಣಕ್ಕಿಂತ ಗೋಡೆ ದೊಡ್ಡದೆಂದು ನಾನು ಹೇಳುತ್ತಿಲ್ಲ. ಅಪಾಯವಿರುವ ಭಾಗಕ್ಕೆ ಕೂಡಲೇ ಉಕ್ಕಿನ ಆಸರೆ ಕೊಟ್ಟು ಜನಸಂಚಾರ ನಿಲ್ಲಿಸಲೇಬೇಕು. ಆದರೆ ಚಿಕ್ಕ ಗಡಿಯಾರ ಗೋಪುರದ ಬಳಿಯಿಂದ ದೇವರಾಜ ಮಾರುಕಟ್ಟೆಯ ಒಳಹೊಕ್ಕರೆ ಎದುರಾಗುವ ಮಲ್ಲಿಗೆಯ ಸಾಲು, ವೀಳ್ಯದೆಲೆಯ ಕಟ್ಟುಗಳು, ಗೋಪುರದಂತೆ ಪೇರಿಸಿಟ್ಟ ಕುಂಕುಮ, ತಲೆಮಾರುಗಳಿಂದ ಅದೇ ಮಳಿಗೆಯಲ್ಲಿ ಕುಳಿತ ವ್ಯಾಪಾರಿಗಳು, ಇವೆಲ್ಲ ಹಳೆಯದರಂತೆಯೇ ಕಟ್ಟಿದ ಕಾಂಕ್ರೀಟ್ ಪ್ರತಿಕೃತಿಯೊಳಗೆ ಹಾಗೆಯೇ ಮರಳಿ ಬರುತ್ತವೆ ಎಂದು ನಂಬುವುದು ಕಷ್ಟ. ಬೆಂಗಳೂರಿನ ಅಠಾರಾ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ನಾಗರಿಕರ ಪ್ರತಿರೋಧದಿಂದ ಅದು ಉಳಿಯಿತು; ರಾಜ್ಯದ ಹೈಕೋರ್ಟ್ ಇಂದಿಗೂ ಅಲ್ಲಿಯೇ ನಡೆಯುತ್ತಿದೆ.

ಪ್ರತಿ ವರ್ಷ ಮುಂಗಾರಿಗೆ ಮುನ್ನ ಪಾರಂಪರಿಕ ಕಟ್ಟಡಗಳ ತಾರಸಿ, ನೀರಿನ ಕೊಳವೆ, ತೊಲೆಗಳ ತಪಾಸಣೆ ನಡೆಸಿ ವರದಿಯನ್ನು ಸಾರ್ವಜನಿಕರ ಮುಂದಿಡಬೇಕು. ದುರಸ್ತಿಯನ್ನು ಸುಣ್ಣದ ಗಾರೆ ಕೆಲಸ ಬಲ್ಲವರಿಗೇ ವಹಿಸಬೇಕು. ಸುಣ್ಣದ ಕಟ್ಟಡಗಳ ಸಂರಕ್ಷಣೆಯಲ್ಲಿ ಅನುಭವವುಳ್ಳ ಎಂಜಿನಿಯರ್‌ಗಳ ಲಿಖಿತ ಅಭಿಪ್ರಾಯವಿಲ್ಲದೆ ಯಾವ ಹಳೆಯ ಕಟ್ಟಡಕ್ಕೂ ನೆಲಸಮದ ಟೆಂಡರ್ ಕರೆಯಬಾರದು. ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡದ ತಾರಸಿಗಳಿಂದಲೇ, ಬರುವ ಮಳೆಗಾಲಕ್ಕೆ ಮೊದಲೇ, ಈ ಕೆಲಸವನ್ನು ಆರಂಭಿಸಬೇಕೆಂದು ಪಾಲಿಕೆಯನ್ನೂ ಜಿಲ್ಲಾಡಳಿತವನ್ನೂ ವಿನಂತಿಸುತ್ತೇನೆ.

– ಓದುಗ, ಮೈಸೂರು