ಕಳ್ಳನ ‘ಸರ್’ ಮತ್ತು ನನ್ನ ಬೈಗುಳ

ನವನಗರ, ಬಾಗಲಕೋಟೆ
ಭಾನುವಾರ

ಚಿ. ಸವಿತಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾಲ್ಕು ದಿನಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬರೆಯಲು ಹೋದರೆ ಮತ್ತೇನಾದರೂ ಎಡವಟ್ಟು ಮಾಡಿಕೊಳ್ಳುವೆನೆಂಬ ಅಂಜಿಕೆ ನನಗೆ. ಅದಕ್ಕಾಗಿ ಈ ಕಾಗದ. ಮಂಗಳವಾರ ಸಂಜೆ ನೀನು ನಿನ್ನ ಆಫೀಸಿನ ಮೇಡಮ್ ಅವರ ಫೋನಿನಿಂದ ಕಳಿಸಿದ ಸಂದೇಶಕ್ಕೆ ನಾನು ಕೊಟ್ಟ ಉತ್ತರ ತಪ್ಪು. ಒಂದಲ್ಲ, ಮೂರು ವಾಯ್ಸ್ ಮೆಸೇಜ್. “ನಿಮ್ಮ ಮನಿ ಹಾಳಾಗ” ಎಂದು ಶುರುವಾದದ್ದು ಎಲ್ಲಿಗೆ ಮುಟ್ಟಿತೆಂಬುದನ್ನು ನೀವಿಬ್ಬರೂ ಕೇಳಿದ್ದೀರಿ, ಬರೆಯುವುದಿಲ್ಲ. ಆಮೇಲೆ ಆ ನಂಬರನ್ನು ಬ್ಲಾಕ್ ಮಾಡಿ, ಸರಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಇಂಥ ದೂರಿಗೆಂದೇ ಇರುವ ‘ಚಕ್ಷು’ವಿನಲ್ಲಿ ವಂಚಕರ ನಂಬರೆಂದು ದೂರನ್ನೂ ಕೊಟ್ಟೆ. ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ.

“ನಿಮ್ಮ ಸಲುವಾಗಿ ಆಫೀಸಿನ್ಯಾಗ ಮಾರಿ ಎತ್ತಲಾರದಂಗ ಆತು” ಎಂದು ನೀನು ಅಂದದ್ದು ನ್ಯಾಯವೇ. ಆದರೆ ನಿನ್ನ ಸಂದೇಶವನ್ನೂ ಇನ್ನೊಮ್ಮೆ ಓದಿ ನೋಡು: “ಫೋನ್ ಹಾಳಾಗಿದೆ, ಇದು ಬೇರೆ ನಂಬರ್, ಅರ್ಜೆಂಟ್ 5,000 ಹಾಕಿ.” ಅದರಲ್ಲಿ ‘ಅಪ್ಪಾ’ ಎಂಬುದಿಲ್ಲ, ನಿನ್ನ ಹೆಸರಿಲ್ಲ, ಯಾರ ಫೋನು, ದುಡ್ಡು ಯಾತಕ್ಕೆ ಎಂಬುದೂ ಇಲ್ಲ. ನಾನು ಅಂಚೆ ಕಚೇರಿಯಲ್ಲಿ ತಂತಿ (ಟೆಲಿಗ್ರಾಂ) ಬರೆದುಕೊಳ್ಳುತ್ತಿದ್ದಾಗ, ಶಬ್ದಕ್ಕಿಷ್ಟೆಂದು ದುಡ್ಡು ಎಣಿಸಿ ಕೊಡುವ ಬಡವರು ಕೂಡ ಉಳಿದುದನ್ನೆಲ್ಲ ಹೊಡೆದು ಹಾಕಿಸಿ ತಮ್ಮ ಹೆಸರನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರು. 2013ರ ಜುಲೈಯಲ್ಲಿ ತಂತಿ ನಿಂತಿತು, ಆ ರೂಢಿಯೂ ಅದರ ಜೊತೆಗೇ ಹೋದಂತೆ ಕಾಣುತ್ತದೆ.

ಹಿಂದೆ ಫೋನಿನ ವಂಚಕನೊಬ್ಬನಿಂದ ನನ್ನ 38,000 ರೂಪಾಯಿ ಹೋದ ಸಂಗತಿ ನಿನಗೆ ಗೊತ್ತಿದೆ, ಅದನ್ನು ಮತ್ತೆ ತೆಗೆಯುವುದಿಲ್ಲ. ನಿನಗೆ ಹೇಳದೆ ಉಳಿದದ್ದು ಆ ಇಪ್ಪತ್ತು ನಿಮಿಷ. ‘ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9:30ಕ್ಕೆ ನಿಮ್ಮ ಮನೆಯ ಕರೆಂಟ್ ಕಟ್ ಆಗುತ್ತದೆ’ ಎಂಬ ಸಂದೇಶ ಬಂದಾಗ ನಿನ್ನ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಗೃಹಜ್ಯೋತಿ ಬಂದ ಮೇಲೆ ನಮಗೆ ಬರುವುದು ಸೊನ್ನೆ ಬಿಲ್ಲು. ಆ ಸೊನ್ನೆಯ ಚೀಟಿ ನನ್ನೆದುರಿಗೇ ಕ್ಯಾಲೆಂಡರಿನ ಮೊಳೆಗೆ ಚುಚ್ಚಿತ್ತು. ಆದರೂ ಆ ನಂಬರಿಗೆ ಫೋನ್ ಮಾಡಿದೆ. “ಸರ್, ಗಾಬರಿ ಆಗಬೇಡಿ, ಮೊದಲು ನೀರು ಕುಡೀರಿ, ನಾನು ಲೈನಿನಲ್ಲೇ ಇರ್ತೀನಿ” ಎಂದ ಆ ಹುಡುಗ. ನಾನು ನಿಜಕ್ಕೂ ಎದ್ದು ಹೋಗಿ ನೀರು ಕುಡಿದು ಬಂದೆ, ಅವನು ಕಾದಿದ್ದ. ಕನ್ನಡಕ ಸಿಗಲಿಲ್ಲ, “ನಿಧಾನ ಹುಡುಕಿ ಸರ್” ಎಂದ. ವಾಟ್ಸ್‌ಆ್ಯಪ್‌ಗೆ ಒಂದು ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಕಳಿಸಿ, ಎಲ್ಲೆಲ್ಲಿ ಒತ್ತಬೇಕೆಂದು ಮಕ್ಕಳಿಗೆ ಅಕ್ಷರ ತಿದ್ದಿಸುವವರಂತೆ ಹೇಳಿಕೊಟ್ಟು, ಹತ್ತು ರೂಪಾಯಿ ಕಟ್ಟಿಸಿದ. ನನಗೆ ಬರುವ ಒಟಿಪಿಗಳನ್ನೆಲ್ಲ ಆ ಫೈಲು ಅವನಿಗೆ ದಾಟಿಸುತ್ತಿತ್ತೆಂಬುದು ಆಮೇಲೆ ತಿಳಿಯಿತು. ಕೊನೆಗೆ ನಾನು ಅವನಿಗೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ, ಸವಿತಾ. ಇಂದಿಗೂ ರಾತ್ರಿ ಎಚ್ಚರವಾದರೆ ಆ ಥ್ಯಾಂಕ್ಸು ಕಿವಿಯಲ್ಲಿ ಕೂಗುತ್ತದೆ. ನಿವೃತ್ತಿಯಾದ ಮೇಲೆ ನನ್ನೊಡನೆ ಅಷ್ಟು ಸಮಾಧಾನದಿಂದ ಯಾರೂ ಮಾತನಾಡಿರಲಿಲ್ಲ, ನೀನೂ ಕೂಡ. ಇದನ್ನು ಆಕ್ಷೇಪವೆಂದು ತಿಳಿಯಬೇಡ. ಸ್ವಲ್ಪ ಆಕ್ಷೇಪವೂ ಇರಬಹುದು.

ನಾಚಿಕೆಯಿಂದ ಯಾರಿಗೂ ಬಾಯಿ ಬಿಡದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮರುದಿನ ಮಧ್ಯಾಹ್ನ. ಕೂಡಲೇ ಮಾಡಿದ್ದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆಯಾದರೂ ಇರುತ್ತಿತ್ತು.

ಉಪದೇಶ ಮಾಡಬಾರದೆಂದೇ ಕಾಗದ ಹಿಡಿದಿದ್ದೆ. ಆದರೂ ಕೇಳು. ಬ್ಯಾಂಕು, ಸರಕಾರದ ಸಂದೇಶಗಳು ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತವೆ. 2025ರಿಂದ ಆ ಹೆಸರಿನ ತುದಿಗೆ ಪಿ, ಎಸ್, ಟಿ, ಜಿ ಎಂಬ ಒಂದಕ್ಷರವೂ ಇರುತ್ತದೆ, ಜಿ ಎಂದರೆ ಸರಕಾರದ್ದು. ನಮ್ಮ ಖಾತೆಗೆ ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗಿಲ್ಲ. ಕಂಪ್ಯೂಟರ್ ಓದಿದವಳಿಗೆ ನಾನು ಇದನ್ನು ಹೇಳುತ್ತಿದ್ದೇನೆ, ನಗಬೇಡ. ಆ 38,000ವನ್ನು ನೀನು ಯಾರೂ ಕೇಳದೆಯೇ ಮೂರು ತಿಂಗಳ ಸಂಬಳದಲ್ಲಿ ಕಂತಿನ ಮೇಲೆ ನನ್ನ ಖಾತೆಗೆ ತುಂಬಿದ್ದನ್ನು ನಾನು ಓಣಿಯವರಿಗೆಲ್ಲ ಹೇಳಿದ್ದೇನೆ, ನಿನ್ನ ಮುಂದೆ ಮಾತ್ರ ಒಂದು ಮಾತೂ ಆಡಿಲ್ಲ.

ಆ ‘ಸರ್’ ಕೇಳಿದಂದಿನಿಂದ ಗೊತ್ತಿಲ್ಲದ ನಂಬರಿಗೆಲ್ಲ ಬೈಯುವುದೇ ಜಾಣತನವೆಂದು ತಿಳಿದುಬಿಟ್ಟಿದ್ದೆ. ಹೋದ ತಿಂಗಳು ಕೊರಿಯರ್ ಹುಡುಗನಿಗೂ ಹಾಗೆಯೇ ಬೈದದ್ದಕ್ಕೆ ಅವನು ನಿನ್ನ ಅವ್ವನ ಔಷಧಿಯನ್ನು ತಿರುಗಿ ಒಯ್ದ. ಮಂಗಳವಾರ ನಾನು ಏನೂ ಉತ್ತರಿಸದೆ ನಿನ್ನ ರೂಮಿನ ಗೆಳತಿಗೆ ಫೋನ್ ಮಾಡಿ ವಿಚಾರಿಸಿದ್ದರೆ ಎಲ್ಲವೂ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಮೇಡಮ್ ಅವರಿಗೆ ಬೇರೆ ಚೀಟಿ ಬರೆದು ಇದರೊಳಗೆ ಇಟ್ಟಿದ್ದೇನೆ. ಓದಿ, ಸರಿಯೆನಿಸಿದರೆ ಕೊಡು. ಅವರಿಗೆ ಅಮೀನಗಡದ ಕರದಂಟು ಕಳಿಸಬೇಕೆಂದು ನಿನ್ನ ಅವ್ವನ ಹಟ. 5,000 ರೂಪಾಯಿಯನ್ನು ನಿನ್ನ ಖಾತೆಗೇ ಹಾಕಿದ್ದೇನೆ. ಇನ್ನು ಮುಂದೆ ಬೇರೆಯವರ ಫೋನಿನಿಂದ ಏನಾದರೂ ಕೇಳುವಾಗ ನಮ್ಮ ಮೂವರಿಗೆ ಮಾತ್ರ ತಿಳಿದ ಒಂದು ಮಾತನ್ನು ಮೊದಲು ಬರೆಯುವುದೆಂದು ಗೊತ್ತು ಮಾಡಿಕೊಳ್ಳೋಣ. ನಾನು ಒಂದನ್ನು ಆರಿಸಿದ್ದೇನೆ, ನಿನ್ನ ಅವ್ವ ಕೇಳಿ ನಕ್ಕಳು. ಕಾಗದದಲ್ಲಿ ಬರೆಯುವಂಥದ್ದಲ್ಲ, ಫೋನ್ ಎತ್ತಿದರೆ ಹೇಳುತ್ತೇನೆ.

ನಿನ್ನ ಅಪ್ಪ